ನಾಡಿ ಇಳಿದ ಸುದ್ದಿ

೨೦೦೬ರಲ್ಲಿ ನಾನು ಬಿಡದಿ ಬಳಿಯ ಒಂದು ವಾಹನ ಬಿಡಿಭಾಗಗಳ ಕಾರ್ಖಾನೆಯಲ್ಲಿ ವೈದ್ಯಾಧಿಕಾರಿಯಾಗಿದ್ದೆ. ರಸ್ತೆಯ ಎರಡೂ ಬದಿಯ ರಾಗಿ ಹೊಲಗಳಲ್ಲಿ ತಗಡಿನ ಶೆಡ್ಡುಗಳು ಏಳುತ್ತಿದ್ದ ಕಾಲ. ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದವರು ನೀಲಿ ಅಂಗಿ ತೊಟ್ಟು ಶಿಫ್ಟ್‌ಗೆ ಬರುತ್ತಿದ್ದರು. ಮೈ ಬಗ್ಗಿಸುವುದು ತಪ್ಪಿತು, ಬೀಡಿ, ಟೀ ಹೆಚ್ಚಾದವು, ನಿದ್ದೆ ಕೆಟ್ಟಿತು. ವರ್ಷದ ತಪಾಸಣೆಯಲ್ಲಿ ನಾನು ಮೊದಲು ನೋಡುತ್ತಿದ್ದುದು ರೆಸ್ಟಿಂಗ್ ಹಾರ್ಟ್ ರೇಟ್, ಅಂದರೆ ಸುಮ್ಮನೆ ಕುಳಿತಾಗ ಹೃದಯ ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತದೆ ಎಂಬುದು. ನಡಿಗೆ, ವ್ಯಾಯಾಮದಿಂದ ಪಳಗಿದ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ದೂಡುತ್ತದೆ. ಹಾಗಾಗಿ ಕಡಿಮೆ ಸಲ ಬಡಿದರೂ ಸಾಕಾಗುತ್ತದೆ. ಇದನ್ನು ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿತ್ತು, ಕೇಳುವವರು ಆಕಳಿಸುತ್ತಿದ್ದರು.

ಆಕಳಿಸದೆ ಕೇಳಿದವನು ಸಿದ್ದರಾಜು. ಹೊಂಗನೂರಿನವನು, ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ, ವಯಸ್ಸು ನಲವತ್ತು ದಾಟಿತ್ತು. ನಾಡಿ ತೊಂಬತ್ತೆಂಟು, ಬಿಪಿಯೂ ಜಾಸ್ತಿ. ಅವನ ತಂದೆ ಎದೆನೋವಿನಲ್ಲೇ ತೀರಿಕೊಂಡಿದ್ದರು.

"ನಾನೂ ಹಂಗೇ ಹೋಗ್‌ಬಾರ್ದು ಮೇಡಂ. ಮಗಳು ಇನ್ನೂ ಚಿಕ್ಕೋಳು," ಎಂದ.

ಬೀಡಿ ಬಿಟ್ಟ. ಟೀ ಕಡಿಮೆ ಮಾಡಿದ. ಬೆಳಿಗ್ಗೆ ಕೆರೆ ಏರಿಯ ಮೇಲೆ ಬಿರುಸಾಗಿ ನಡೆಯತೊಡಗಿದ. "ಹಸ ಕಳ್ಕೊಂಡಿದ್ದೀಯೇನ್ಲಾ ಅಂತ ಊರೋರು ನಗ್ತಾವ್ರೆ," ಎಂದು ತಾನೂ ನಗುತ್ತಿದ್ದ. ಕೆಲವು ತಿಂಗಳಲ್ಲಿ ನಾಡಿ ಅರವತ್ತಾರಕ್ಕೆ ಬಂತು. ನನಗಾದ ಸಂತೋಷ ಅಷ್ಟಿಷ್ಟಲ್ಲ. "ಇಳಿದಿದೆ ಸಿದ್ದರಾಜು, ಚೆನ್ನಾಗಿ ಇಳಿದಿದೆ," ಎಂದೆ. ಅವನು ಅದೇ ಮಾತನ್ನು ಹೆಮ್ಮೆಯಿಂದ ಮನೆಯಲ್ಲಿ ಹೇಳಿದ.

ಅವನ ಮನೆಯಲ್ಲಿ ನಾಡಿ ಇಳಿಯಿತು ಎನ್ನುವ ಮಾತು ಸಾವಿನ ಹಾಸಿಗೆಯ ಪಕ್ಕದಲ್ಲಿ ಮಾತ್ರ ಬರುತ್ತಿತ್ತು. ಯಾರಿಗಾದರೂ ಕೊನೆಗಾಲ ಬಂದರೆ ದೊಡ್ಡಪ್ಪ ಚನ್ನೇಗೌಡರು ಮಣಿಕಟ್ಟು ಹಿಡಿದು ಕೂರುತ್ತಿದ್ದರು. ಅವರು ಇಳೀತೈತೆ ಎಂದರೆ ಬಾಯಿಗೆ ತುಳಸಿ ನೀರು ಬಿಡುವ ಹೊತ್ತು. ಸಿದ್ದರಾಜುವಿನ ತಂದೆಯ ಕೈ ಹಿಡಿದಿದ್ದವರೂ ಅವರೇ. ಈಗ ಮಗನ ಕೈ ಹಿಡಿದು ನೋಡಿ, "ಬಡಿತ ದೂರ ದೂರಕ್ಕೆ ಬೀಳ್ತೈತೆ," ಎಂದು ಮುಖ ತಿರುಗಿಸಿದರಂತೆ.

ಸಿದ್ದರಾಜು ಕೆಲಸಕ್ಕೆ ಬರುವುದು ನಿಂತಿತು. ಅವನ ಹೆಂಡತಿ ಜಯಮ್ಮ ಕಾರ್ಖಾನೆಗೆ ಹುಡುಕಿಕೊಂಡು ಬಂದಳು. "ಮಂಚ ಬುಟ್ಟು ಏಳ್ತಿಲ್ಲ ಡಾಕ್ಟ್ರಮ್ಮ. ಇಂಜೆಕ್ಷನ್ ಕೊಟ್ಟು ನಾಡಿ ಒಸಿ ಏರ್ಸಿಕೊಡಿ," ಎಂದಳು. ನಗು ಬಂದಿತ್ತು, ಅವಳ ಕಣ್ಣು ನೋಡಿ ನುಂಗಿಕೊಂಡೆ.

ಅಂದೇ ಮಧ್ಯಾಹ್ನ ಹೊಂಗನೂರಿಗೆ ಹೋದೆ. ನಡುಮನೆಯ ಮಂಚದ ಮೇಲೆ ಸಿದ್ದರಾಜು ಅಂಗಾತ ಮಲಗಿದ್ದ. ಗಂಡನ ಮನೆಗಳಿಂದ ಅಕ್ಕತಂಗಿಯರು ಅವನಿಗಿಷ್ಟವಾದ ಒಬ್ಬಟ್ಟು ಮಾಡಿಕೊಂಡು ಬಂದಿದ್ದರು. "ಯಾರ್ ಮನಸ್ಸೂ ನೋಯಿಸ್ದೋನಲ್ಲ, ಒಳ್ಳೇವ್ನಾಗಿದ್ದ," ಎಂದು ಒಬ್ಬಳು ಅವನೆದುರೇ ಹೇಳುತ್ತಿದ್ದಳು. ಬದುಕಿರುವವನ ಬಗ್ಗೆ ಆ 'ಇದ್ದ' ಕೇಳಿ ನಾನು ಸರಸರನೆ ಮಂಚದ ಹತ್ತಿರ ಹೋದೆ.

ಸಿದ್ದರಾಜು ಮೆಲ್ಲಗೆ ಕೇಳಿದ: "ಮೈ ಹಗುರ ಆಗೈತೆ ಮೇಡಂ. ಹೋಗೋ ಮುಂಚೆ ಹಿಂಗೇ ಆಯ್ತದಾ?"

ಅದು ಆರೋಗ್ಯ ಕಣಪ್ಪಾ, ಎಂದು ಕೈ ಹಿಡಿದೆ. ಭಯಕ್ಕೆ ನಾಡಿ ನೂರ ಹನ್ನೆರಡಕ್ಕೆ ಹೋಗಿತ್ತು. ಹೆದರಿಸಿ ಹೆದರಿಸಿ ಏರಿಸಿಬಿಟ್ಟಿದ್ದೀರಿ ಎಂದು ಸಿಟ್ಟಿನಿಂದ ಹೇಳಿದೆ. ಮನೆಯವರಿಗೆ ಕೇಳಿಸಿದ್ದು 'ಏರಿದೆ' ಎಂಬುದಷ್ಟೇ. ಹೆಂಗಸರು ಸಂತೋಷಕ್ಕೆ ಅತ್ತರು. ಅವನಿಗೆ ಗಟ್ಟಿ ಟೀ ಬಂತು, ಭಾವಮೈದುನ ಬೀಡಿ ಕಟ್ಟು ಚಾಚಿದ. ನಾನು ಗಂಟಲು ಕಟ್ಟುವವರೆಗೆ ವಿವರಿಸಿದೆ. ಎಲ್ಲರೂ ತಲೆಯಾಡಿಸಿದರು, ಚನ್ನೇಗೌಡರೂ ಆಡಿಸಿದರು.

ಸಿದ್ದರಾಜು ಕೆಲಸಕ್ಕೆ ಮರಳಿದ. ಕೆರೆ ಏರಿಗೆ ಮಾತ್ರ ಮತ್ತೆ ಹೋಗಲಿಲ್ಲ. ಕರೆದು ಕೇಳಿದಾಗಲೆಲ್ಲ ಒಂದೇ ಉತ್ತರ: "ಮನೇಲಿ ಬುಡಾಕಿಲ್ಲ ಮೇಡಂ." ಫೋರ್ಕ್‌ಲಿಫ್ಟ್ ಮೇಲೆ ಕೂತು ತನ್ನ ಮಣಿಕಟ್ಟು ತಾನೇ ಹಿಡಿದು ನೋಡಿಕೊಳ್ಳುತ್ತಿದ್ದ. ನಾಡಿ ಜೋರಾಗಿ ಬಡಿದರೆ ಅವನ ಮುಖ ಗೆಲುವಾಗುತ್ತಿತ್ತು. ನನ್ನ ಕೋಣೆಯ ಗಾಜಿನ ಕಿಟಕಿಯಾಚೆ ಅದನ್ನು ಕಂಡ ನೆನಪು ನನ್ನನ್ನು ಈಗಲೂ ಬಿಟ್ಟಿಲ್ಲ.

ಮರುವರ್ಷ ಒಂದು ಮಧ್ಯಾಹ್ನ ಶಿಫ್ಟ್‌ಗೆ ಹೊರಡುವಾಗ ಅವನಿಗೆ ಎದೆ ಹಿಡಿದುಕೊಂಡಿತು, ಮೈಯೆಲ್ಲ ಬೆವರಿತು. ಜಯಮ್ಮ ಚನ್ನಪಟ್ಟಣದ ಆಸ್ಪತ್ರೆಗೆ ಹೋಗಲು ಆಟೋ ತರಿಸಲೆಂದು ಎದ್ದಳು. ಚನ್ನೇಗೌಡರು ಕೈ ಹಿಡಿದು ನೋಡಿದರು. "ಕುದ್ರೆ ಓಡ್ದಂಗೆ ಓಡ್ತೈತೆ. ಏನೂ ಆಗಾಕಿಲ್ಲ, ಮಲಗ್ಲಿ ಬುಡವ್ವ," ಎಂದರು. ಸಂಜೆಯ ಹೊತ್ತಿಗೆ ಎಲ್ಲ ಮುಗಿದಿತ್ತು.

ಆಮೇಲೆ ನಾನು ಯಾರಿಗೂ ನಾಡಿ ಇಳಿದಿದೆ ಎನ್ನಲಿಲ್ಲ. ಹೃದಯಕ್ಕೆ ಬಿಡುವು ಸಿಗುತ್ತಿದೆ ಎನ್ನುತ್ತಿದ್ದೆ. ನಿಮ್ಮ ಮನೆಯಲ್ಲಿ ಕೈ ಹಿಡಿದು ನೋಡುವವರು ಯಾರು, ಅವರನ್ನೂ ಕರೆದುಕೊಂಡು ಬನ್ನಿ ಎಂದು ಹೇಳಿ ಕಳಿಸುತ್ತಿದ್ದೆ. ರೋಗಿ ಒಬ್ಬನಿಗೇ ಚಿಕಿತ್ಸೆ ಕೊಟ್ಟರೆ ಮುಗಿಯುವುದಿಲ್ಲ, ಅವನು ಯಾರ ಮಾತು ನಂಬಿ ಮಲಗುತ್ತಾನೋ ಅವರನ್ನೂ ಕೂರಿಸಿಕೊಂಡು ಮಾತಾಡಬೇಕು. ಕೆಲಸ ನನಗೆ ಕಲಿಸಿದ್ದು ಇದು.

ಸಿದ್ದರಾಜು ಮಣ್ಣಾದ ಮರುದಿನ ಮನೆಯವರನ್ನು ಮಾತಾಡಿಸಲು ಹೋದಾಗ ಚನ್ನೇಗೌಡರು ಜಗಲಿಯ ಮೇಲೆ ಒಬ್ಬರೇ ಕೂತಿದ್ದರು. ಬಲಗೈ ಬೆರಳುಗಳು ಇನ್ನೂ ಯಾರದೋ ಮಣಿಕಟ್ಟು ಹಿಡಿದ ಹಾಗೆ ಮಡಚಿದ್ದವು.

"ಓಡ್ತಾನೇ ಇತ್ತಲ್ಲವ್ವಾ," ಎಂದರು. "ಎಲ್ಲಿಗೆ ಓಡ್ತಿತ್ತು ಅದು?"