ಡ್ರಮ್ಮಿನಿಂದ ನೆಲಕ್ಕಿಳಿದ ಅಂಜೂರ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆರ್.ಟಿ. ನಗರದ ಆ ಮನೆಯವರು ಮುಸುಕು ಕೂಡ ತೆಗೆದಿಲ್ಲ. ಅಷ್ಟರಲ್ಲಿ ಪಾರವ್ವ ಸೆರಗನ್ನು ಸೊಂಟಕ್ಕೆ ಬಿಗಿದು, ಎರಡೂ ಕೈಯಲ್ಲಿ ಬಕೆಟ್ ಹಿಡಿದು, ಇಪ್ಪತ್ತಾರು ಮೆಟ್ಟಿಲು ಹತ್ತಿ ತಾರಸಿಗೆ ಬಂದಾಗಿದೆ. ಅಲ್ಲಿ ಸಾಲಾಗಿ ಒಂಬತ್ತು ಡ್ರಮ್ಮುಗಳು. ರಸ್ತೆ ಹಾಕುವವರು ಬಿಸಾಡಿ ಹೋದ ಡಾಂಬರಿನ ಡ್ರಮ್ಮುಗಳನ್ನು ನಡುವಿಗೆ ಕತ್ತರಿಸಿದ್ದು. ಒಂದೊಂದರಲ್ಲೂ ಆಳೆತ್ತರದ ಅಂಜೂರದ ಗಿಡ. ನೀರು ಸುರಿಯುವ ಮೊದಲು ಪಾರವ್ವ ಡ್ರಮ್ಮಿನ ಮಗ್ಗುಲಿಗೆ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡುತ್ತಾರೆ. ಟಣ್ ಅಂದರೆ ಗಿಡಕ್ಕೆ ಬಾಯಾರಿದೆ. ದಪ್ ಅಂದರೆ ಒಳಗೆ ಹಸಿ ಇದೆ, ಮುಂದಿನದಕ್ಕೆ ನಡೆಯುತ್ತಾರೆ.

“ಮ್ಯಾಲಿನ ಮಣ್ಣು ನೋಡಿ ನೀರು ಹಾಕಬಾರದ್ರಿ,” ಅನ್ನುತ್ತಾರೆ. “ಮ್ಯಾಲ ಒಣಗಿರ್ತೈತಿ, ಕೆಳಗ ಬೇರು ನೀರಾಗ ಕುಂತಿರ್ತೈತಿ. ಡ್ರಮ್ಮಿನ ಗಿಡ ಬಾಯಿಬಿಟ್ಟು ಕೇಳಂಗಿಲ್ಲ. ನಾವ ಬಡದು ಕೇಳಬೇಕು.”

ಹೀಗೆ ಬಡಿದು ಕೇಳಬೇಕಾದ ಡ್ರಮ್ಮುಗಳು ಒಟ್ಟು ಇಪ್ಪತ್ಮೂರು. ಆರ್.ಟಿ. ನಗರ ಮತ್ತು ಹೆಬ್ಬಾಳದ ನಾಲ್ಕು ತಾರಸಿಗಳ ಮೇಲೆ ಅವು ಹಂಚಿಹೋಗಿವೆ. ಆ ನಾಲ್ಕೂ ಮನೆಗಳಲ್ಲಿ ಪಾರವ್ವ ಪಾತ್ರೆ ತೊಳೆಯುತ್ತಾರೆ, ಬಟ್ಟೆ ಒಗೆಯುತ್ತಾರೆ. ಗಿಡಗಳು ಅವರವು, ತಾರಸಿ ಮನೆಯವರದು. ಹಣ್ಣು ಬಿಟ್ಟರೆ ಮನೆಯವರೇ ತಿನ್ನಲಿ, ಗಿಡವನ್ನು ಮಾತ್ರ ಬೀದಿಗೆ ಹಾಕಬಾರದು. ಇಷ್ಟೇ ಕರಾರು. ಪಾತ್ರೆ ತೊಳೆದದ್ದಕ್ಕೆ ಸಂಬಳ ಉಂಟು, ಬೇಸಿಗೆಯಲ್ಲಿ ದಿನಕ್ಕೆ ನಲವತ್ತು ಬಕೆಟ್ ನೀರು ಹೊತ್ತದ್ದಕ್ಕೆ ಇಲ್ಲ. ಪಾರವ್ವ ಕೇಳಿದ್ದೂ ಇಲ್ಲ.

ಇಷ್ಟು ಪಾಡು ಯಾಕಪ್ಪಾ ಎಂದು ಯಾರಿಗಾದರೂ ಅನ್ನಿಸಬೇಕು. ಅದಕ್ಕೆ ಹದಿನೇಳು ವರ್ಷ ಹಿಂದಕ್ಕೆ, ಕಂಪ್ಲಿ ಕಡೆಯ ಒಂದು ಹಳ್ಳಿಗೆ ಹೋಗಬೇಕು.

ಪಾರವ್ವನ ತವರಿನ ಹಿತ್ತಲಲ್ಲಿ, ಬಾವಿಯ ಮಗ್ಗುಲಿಗೆ ಒಂದು ಅಂಜೂರದ ಮರ. ಮದುವೆಯಾಗಿ ಹೋಗುವ ಮಗಳಿಗೆ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಅರಿಸಿನದ ಕೊಂಬಿನ ಜೊತೆಗೆ ಆ ಮರದ ಒಂದು ಗೇಣು ಕಡ್ಡಿಯನ್ನೂ ಸೆರಗಿಗೆ ಹಾಕುವುದು ಆ ಮನೆಯವರ ಪದ್ಧತಿ. ಗಂಡನ ಮನೆಯ ನೆಲದಲ್ಲಿ ಕಡ್ಡಿ ಬೇರು ಬಿಟ್ಟಿತೆಂದರೆ ಮಗಳ ಸಂಸಾರ ಊರಿತು ಎಂದು ತಾಯಿಗೆ ನೆಮ್ಮದಿ. ಪಾರವ್ವನ ಮೂವರು ಅಕ್ಕಂದಿರ ಕಡ್ಡಿಗಳೂ ಮರವಾದವು. ನಾಲ್ಕನೆಯವಳಿಗೆ ಸಿಕ್ಕ ಗಂಡ ಮುರಿಗೆಪ್ಪ ಬೆಂಗಳೂರಿನಲ್ಲಿ, ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಹೆಲ್ಪರ್. ಎಪ್ಪತ್ತನೇ ಇಸವಿಯಲ್ಲಿ ಉಡಿಯೊಳಗೆ ಕಡ್ಡಿ ಕಟ್ಟಿಕೊಂಡು ಪಾರವ್ವ ಹೆಬ್ಬಾಳದಲ್ಲಿ ಬಂದಿಳಿದರು. ಇಳಿದದ್ದು ಮುನಿಆಂಜಿನಪ್ಪನವರ ವಠಾರದ ಒಂದು ಕೋಣೆಗೆ.

ವಠಾರದ ಅಂಗಳದಲ್ಲಿ ಜಾಗವೇನೋ ಇತ್ತು. ಪಾರವ್ವ ಗುಂಡಿ ತೋಡುತ್ತಿದ್ದುದನ್ನು ಕಂಡ ಮುನಿಆಂಜಿನಪ್ಪ ಹತ್ತಿರ ಬಂದು ಕಡ್ಡಿಯ ತುದಿಯನ್ನು ಉಗುರಿನಿಂದ ಚಿವುಟಿ ನೋಡಿದರಂತೆ. ಬಿಳಿ ಹಾಲು ಒಸರಿತು. “ಆಲು ಸುರಿಸೋ ಗಿಡ ಮನೆ ಮುಂದೆ ನೆಲಕ್ಕಿಕ್ಕಬಾರದು ಕಣಮ್ಮ, ಮನೆಗಾಗಾಕಿಲ್ಲ,” ಎಂದರು. ಒಳ್ಳೆಯ ಮನುಷ್ಯರೇ, ಪಾರವ್ವನ ಮುಖ ಚಿಕ್ಕದಾದದ್ದು ನೋಡಿ ತಾವೇ ಒಂದು ಸೀಮೆಎಣ್ಣೆ ಡಬ್ಬ ತಂದುಕೊಟ್ಟು, “ಇದ್ರಾಗೆ ಇಕ್ಕೋ. ನೆಲ ಮುಟ್ಟದಿದ್ರೆ ದೋಸ ಇಲ್ಲ,” ಅಂದರು. ಕಡ್ಡಿ ಡಬ್ಬದಲ್ಲೇ ಚಿಗುರಿತು, ಡಬ್ಬ ಸಾಲದಾದಾಗ ಡ್ರಮ್ಮಿಗೆ ಏರಿತು.

ಮುಂದಿನ ವರ್ಷ ಪಂಚಮಿ ಹಬ್ಬಕ್ಕೆ ತವರಿಗೆ ಹೋದಾಗ ಅವ್ವ ನೀರು ಕೊಡುವ ಮೊದಲೇ ಕೇಳಿದರು, “ಗಿಡ ನೆಲಕ್ಕ ಹಚ್ಚಿಯೇನವ್ವ?”

ಪಾರವ್ವ ಹೌದು ಅಂದುಬಿಟ್ಟರು.

“ಇಲ್ಲ ಅಂದಿದ್ರ ಅವ್ವ ಅನ್ನ ಬಿಡ್ತಿದ್ಲು. ಮಗಳು ನೆಲಿ ಇಲ್ಲದ ಊರಾಗ ಅದಾಳ ಅಂತ ಕೊರಗ್ತಿದ್ಲು,” ಎನ್ನುವಾಗ ಪಾರವ್ವನ ಕೈ ತಾನಾಗಿ ಸೆರಗನ್ನು ತಿರುವುತ್ತದೆ. “ಬರೋ ವರ್ಷ ಹಚ್ಚಿದ್ರಾತು, ಸುಳ್ಳು ಖರೇ ಆಗ್ತೈತಿ ಅಂದ್ಕೊಂಡ್ನಿ. ಬರೋ ವರ್ಷ ಬರಲಿಲ್ಲ ನೋಡ್ರಿ.”

ಎಲ್ಲಿ ಬರಬೇಕು! ವಠಾರ ಕೆಡವಿದರು, ಇನ್ನೊಂದು ಬಾಡಿಗೆ ಕೋಣೆ. ಅದರ ಯಜಮಾನರ ಮಗನಿಗೆ ಮದುವೆಯಾಯಿತು, ಮತ್ತೊಂದು ಕೋಣೆ. ಹದಿನಾಲ್ಕು ವರ್ಷದಲ್ಲಿ ನಾಲ್ಕು ಮನೆ. ಪ್ರತಿ ಸಲವೂ ತಳ್ಳುಗಾಡಿಯ ಮೇಲೆ ಮೊದಲು ಹೊರಟದ್ದು ಡ್ರಮ್ಮುಗಳು, ಆಮೇಲೆ ಪಾತ್ರೆಪಡಗ. “ನಾನು ಲಗ್ನ ಆಗಿದ್ದು ಪಾರವ್ವನ ಕೂಡ ಅಂತ ತಿಳ್ಕೊಂಡಿದ್ನಿ,” ಎಂದು ಮುರಿಗೆಪ್ಪ ಬೀಡಿ ಹಚ್ಚುತ್ತಾ ನಗುತ್ತಾರೆ. “ಆಮ್ಯಾಲ ಗೊತ್ತಾತು, ಡ್ರಮ್ಮಿನ ಕೂಡ ಅಂತ.” ಸವರಿದ ಟೊಂಗೆಯನ್ನು ಬಿಸಾಡಲು ಮನಸ್ಸು ಬಾರದೆ ಪಾರವ್ವ ಅದನ್ನೂ ಊರುತ್ತಿದ್ದರು. ಒಂದಿದ್ದದ್ದು ಹೀಗೆ ಬೆಳೆದು ಬೆಳೆದು, ಕೋಣೆಯ ಮುಂದೆ ಕಾಲಿಡಲು ಜಾಗವಿಲ್ಲದಂತಾಗಿ, ಕೆಲಸದ ಮನೆಗಳ ತಾರಸಿ ಹತ್ತಿತು.

ಗಿಡವನ್ನು ಡ್ರಮ್ಮಿನಲ್ಲಿ ಬದುಕಿಸುವುದು ಸುಲಭ, ವರ್ಷಗಟ್ಟಲೆ ಬಾಳಿಸುವುದು ಕಷ್ಟ. ಪಾರವ್ವನಿಗೆ ಯಾರೂ ಹೇಳಿಕೊಟ್ಟವರಿಲ್ಲ, ಎರಡು ಗಿಡ ಸಾಯಿಸಿ ಕಲಿತದ್ದು. ಎರಡು ವರ್ಷಕ್ಕೊಮ್ಮೆ, ಪುಷ್ಯ ಮಾಸದಲ್ಲಿ ಎಲೆಯೆಲ್ಲ ಉದುರಿ ಗಿಡ ಬೋಳಾದಾಗ, ಡ್ರಮ್ಮನ್ನು ಮಗ್ಗುಲಿಗೆ ಕೆಡವಿ ಉರುಳಾಡಿಸಿ ಗಿಡವನ್ನು ಮಣ್ಣಿನ ಸಮೇತ ಹೊರಗೆಳೆಯುತ್ತಾರೆ. ಬೇರು ಎಲ್ಲೂ ಹೋಗಲಾರದೆ ತನ್ನ ಸುತ್ತ ತಾನೇ ಸಿಂಬಿಯಂತೆ ಸುತ್ತಿಕೊಂಡಿರುತ್ತದೆ. ಕುಡುಗೋಲಿನಿಂದ ಸುತ್ತಲೂ ನಾಲ್ಕು ಬೆರಳು ಬೇರು ಕೊಯ್ಯುತ್ತಾರೆ. ತಳಕ್ಕೆ ಒಡೆದ ಹೆಂಚು, ಮೇಲೆ ಹೆಬ್ಬಾಳ ಕೆರೆಯ ಗೋಡು ಮಣ್ಣು, ಕುರಿಗೊಬ್ಬರ, ಮುರಿದ ಹಳೆ ಮನೆಗಳಿಂದ ಆಯ್ದು ತಂದು ಕುಟ್ಟಿದ ಗಾರೆ. ಅಂಜೂರಕ್ಕೆ ಸುಣ್ಣವೆಂದರೆ ಪ್ರಾಣ. ಗಿಡದ ಹಾಲು ತಾಗಿ ತಾಗಿ ಪಾರವ್ವನ ಬೆರಳ ಸಂದುಗಳು ಬಿರಿದಿವೆ, ಕೊಬ್ಬರಿ ಎಣ್ಣೆ ಸವರಿಕೊಂಡು ಮತ್ತೆ ಪಾತ್ರೆಗೆ ಕೈ ಹಾಕುತ್ತಾರೆ.

ಬೇರು ಕೊಯ್ದ ವರ್ಷವೇ ಹಣ್ಣು ಜಾಸ್ತಿ. ಗಾತ್ರದಲ್ಲಿ ಸಣ್ಣವು, ಸಿಹಿಯೋ ಸಿಹಿ. ಪ್ರತಿ ಬೇಸಿಗೆಗೆ ಹತ್ತು ಹಣ್ಣು ಕಟ್ಟಿಕೊಂಡು ಪಾರವ್ವ ತವರಿಗೆ ಹೋಗುತ್ತಿದ್ದರು. ಅವ್ವ ತಿಂದು, “ಛಲೋ ಅದಾವ,” ಅನ್ನುತ್ತಿದ್ದರು. ಆಮೇಲೆ ಅದೇ ಪ್ರಶ್ನೆ. “ನೆಲದಾಗ ಐತಲ್ಲ?” “ಐತಿ ಬೇ.” ವರ್ಷಕ್ಕೊಂದು ಸುಳ್ಳು. ಹೆಬ್ಬಾಳದ ತಾರಸಿಯ ಮೇಲೆ ನಿಂತರೆ ಬಳ್ಳಾರಿ ರಸ್ತೆ ಕಾಣುತ್ತದೆ. ನೀರು ಹಾಕಿ ಮುಗಿದ ಮೇಲೂ ಪಾರವ್ವ ಅಲ್ಲೇ ತುಸು ಹೊತ್ತು ನಿಂತು ಉತ್ತರಕ್ಕೆ, ತವರಿನ ಕಡೆಗೆ ಹೋಗುವ ಲಾರಿಗಳನ್ನು ನೋಡುತ್ತಾರೆ. ಏನು ಮಾಡುವುದು, ಕೆಳಗೆ ಪಾತ್ರೆ ಕಾಯುತ್ತಿರುತ್ತವೆ.

ಎಂಬತ್ನಾಲ್ಕರಲ್ಲಿ ಒಂದು ಬಾಗಿಲು ತೆರೆಯಿತು. ಪಾರವ್ವ ಕೆಲಸಕ್ಕಿದ್ದ ಮನೆಯ ಸೇತುರಾಮ, ಕೃಷ್ಣವೇಣಿ ದಂಪತಿ ಸಹಕಾರನಗರದಲ್ಲಿ ಸ್ವಂತ ಮನೆ ಕಟ್ಟಿಸಿದರು. ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತರಾದ ಸೇತುರಾಮ ಅವರಿಗೆ ಪಾರವ್ವನ ಸುಳ್ಳಿನ ಸಂಗತಿ ಗೊತ್ತಿತ್ತು. ಕಾಂಪೌಂಡಿನ ಮೂಲೆ ತೋರಿಸಿ, “ಇಲ್ಲಿ ನೆಡು ಪಾರವ್ವ, ಯಾರೇನಂತಾರೋ ನೋಡೇ ಬಿಡ್ತೀನಿ,” ಎಂದರು. ಅನ್ನುವವರು ಅಂದರು. “ಹಾಲು ಬರೋ ಗಿಡ ಅಂತ ಅಕ್ಕಪಕ್ಕದೋರು ಒಂದೇ ಸಮ ಹೇಳಿದ್ರು ಕಣ್ರೀ,” ಎಂದು ಕೃಷ್ಣವೇಣಿ ನೆನೆಯುತ್ತಾರೆ. “ನಮ್ಮತ್ತೆ ಇದ್ದಿದ್ರೆ ಖಂಡಿತ ಬಿಡ್ತಿರ್ಲಿಲ್ಲ. ಆದ್ರೆ ಇವಳ ಮುಖ ನೋಡಿ ಬೇಡ ಅನ್ನೋಕೆ ನನಗೆ ಬಾಯಿ ಬರ್ಲಿಲ್ಲ.”

ಉಡಿಯಲ್ಲಿ ಬಂದ ಮೊದಲ ಕಡ್ಡಿಯ ಗಿಡವನ್ನು ಪಾರವ್ವ ದೊಡ್ಡಾಕಿ ಎಂದು ಕರೆಯುತ್ತಾರೆ. ಹದಿನಾಲ್ಕು ವರ್ಷ ಡಬ್ಬ, ಡ್ರಮ್ಮುಗಳಲ್ಲಿ ಕಳೆದ ದೊಡ್ಡಾಕಿ ಅವತ್ತು ನೆಲಕ್ಕಿಳಿದಳು. ಮಣ್ಣು ಮುಚ್ಚಿ ಮುಗಿಸಿದ ಪಾರವ್ವ ಗಿಡದ ಬುಡದಲ್ಲೇ ಕೂತು ಗಳಗಳನೆ ಅತ್ತರಂತೆ.

ಅಬ್ಬಬ್ಬಾ, ಆಮೇಲೆ ಅದು ಬೆಳೆದ ಪರಿ! ಒಂದೇ ವರ್ಷಕ್ಕೆ ಕಾಂಪೌಂಡಿನ ಮೇಲೆ ತಲೆ ಹಾಕಿತು, ಎರಡನೇ ವರ್ಷಕ್ಕೆ ಕಿಟಕಿ ಮುಚ್ಚಿತು. ಮೊರದಗಲ ಎಲೆ. ಆದರೆ ಎಲೆ ಎತ್ತೆತ್ತಿ ಹುಡುಕಿದರೂ ಒಂದೇ ಒಂದು ಕಾಯಿಲ್ಲ. ಇತ್ತ ಕಂಪ್ಲಿಯಿಂದ ಅಣ್ಣನ ಕಾಗದ ಬಂತು. ಅವ್ವನ ಕಣ್ಣಿಗೆ ಪೊರೆ ಬಂದಿದೆ, ಊಟ ಸೇರುತ್ತಿಲ್ಲ. ಪಾರವ್ವನ ಎದೆಯಲ್ಲಿ ಆಗ ಒಂದೇ ಆಸೆ ಕೂತುಬಿಟ್ಟಿತು. ಅವ್ವ ಇರುವಷ್ಟರಲ್ಲಿ ನೆಲದ ಗಿಡದ ಹಣ್ಣು ಒಂದು, ಒಂದಾದರೂ, ಅವಳ ಬಾಯಿಗೆ ಹಾಕಬೇಕು.

ಹಣ್ಣು ಬರಿಸುವ ಉಪಾಯ ಪಾರವ್ವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಬುಡದ ಸುತ್ತ ತೋಡಿ, ಡ್ರಮ್ಮಿನಲ್ಲಿ ಮಾಡಿದಂತೆ ಬೇರು ಕೊಯ್ದರಾಯಿತು. ಮುರಿಗೆಪ್ಪ ಅದನ್ನೇ ಹೇಳಿದರು, ಸೇತುರಾಮ ಅವರೂ ಹೇಳಿದರು. ಕಳೆದ ಪುಷ್ಯದಲ್ಲಿ ಒಂದು ಮುಂಜಾನೆ ಪಾರವ್ವ ಕುಡುಗೋಲು ಹಿಡಿದು ಸಹಕಾರನಗರಕ್ಕೆ ಹೋದರು. ಮೊಣಕಾಲುದ್ದ ತೋಡಿದರು. ಬೇರು ಸಿಕ್ಕಿತು. ಸಿಂಬಿ ಸುತ್ತಿರಲಿಲ್ಲ. ನೆಟ್ಟಗೆ, ಹಗ್ಗ ಎಳೆದಂತೆ, ಕಾಂಪೌಂಡಿನ ಅಡಿಗೆ ನುಗ್ಗಿ ಆಚೆಯ ಖಾಲಿ ಸೈಟಿಗೆ ಹೋಗಿತ್ತು. ಜಕ್ಕೂರಿನ ತರಬೇತಿ ಶಾಲೆಯ ಸಣ್ಣ ವಿಮಾನವೊಂದು ತಲೆಯ ಮೇಲೆ ಗುಂಯ್ ಎಂದು ಹೋಗುವವರೆಗೂ ಪಾರವ್ವ ಅದನ್ನೇ ನೋಡುತ್ತಾ ಕೂತಿದ್ದರು. ಆಮೇಲೆ ತೋಡಿದ ಮಣ್ಣನ್ನು ಕೈಯಿಂದಲೇ ವಾಪಸ್ ಎಳೆದು ಮುಚ್ಚಿದರು.

“ಕೊಯ್ದಿದ್ರ ಹಣ್ಣು ಬರ್ತಿತ್ರಿ, ಸುಳ್ಳಲ್ಲ,” ಅನ್ನುತ್ತಾರೆ. “ಆದ್ರ ಅದು ಮತ್ತ ಡ್ರಮ್ಮಿನ ಹಣ್ಣ ಆಗ್ತಿತ್ತು. ಅವ್ವಗ ಇನ್ನೊಂದು ಸುಳ್ಳು ತಿನ್ನಿಸಿದಂಗ. ಹದಿನಾಲ್ಕು ವರ್ಷ ಕೈಕಾಲು ಮಡಚಿಕೊಂಡು ಕುಂತಿದ್ದು, ಈಗ ಚಾಚೈತಿ. ಓಡ್ಲಿ ಬಿಡು ಅಂದ್ನಿ. ಅವ್ವನ ಪುಣ್ಯ ಇದ್ರ ಬರ್ತೈತಿ.”

ಮನೆಗೆ ಬಂದವರು ಆ ದಿನ ಊಟ ಮಾಡಲಿಲ್ಲ. ಅವ್ವನ ಬಾಯಿಂದ ಕೊನೆಯ ತುತ್ತು ತಾನೇ ಕಿತ್ತೆನೇನೋ ಎಂಬ ಅಳುಕು.

ಈ ವರ್ಷ ಚೈತ್ರದಲ್ಲಿ ದೊಡ್ಡಾಕಿ ಮೂರು ಕಾಯಿ ಬಿಟ್ಟಳು. ಒಂದು ಉದುರಿತು, ಇನ್ನೊಂದನ್ನು ಅಳಿಲು ಕಚ್ಚಿತು. ಮೂರನೆಯದಕ್ಕೆ ಪಾರವ್ವ ಗಂಡನ ಹಳೆ ಬನಿಯನ್ನಿನ ಚೀಲ ಹೊಲಿದು ಕಟ್ಟಿದರು. ಅಂಜೂರ ಗಿಡದಲ್ಲೇ ಹಣ್ಣಾಗಬೇಕು, ಕಿತ್ತ ಮೇಲೆ ಮಾಗುವುದಿಲ್ಲ, ಒಂದು ದಿನಕ್ಕಿಂತ ಹೆಚ್ಚು ತಾಳುವುದೂ ಇಲ್ಲ. ದಿನವೂ ಆರ್.ಟಿ. ನಗರದ ಕೆಲಸ ಮುಗಿಸಿ ಬಿಸಿಲಲ್ಲಿ ಸಹಕಾರನಗರಕ್ಕೆ ಹೋಗಿ ಚೀಲ ಬಿಚ್ಚಿ ನೋಡಿ ಬರುವುದಾಯಿತು. ವೈಶಾಖದ ಒಂದು ಸಂಜೆ ಹಣ್ಣಿನ ತೊಟ್ಟು ಬಾಗಿತ್ತು. ಕಿತ್ತು, ಅದರದೇ ಎಲೆಯಲ್ಲಿ ಸುತ್ತಿ, ಸೆರಗಿನ ಉಡಿಯಲ್ಲಿಟ್ಟುಕೊಂಡು ನೇರ ಬಸ್ ಸ್ಟ್ಯಾಂಡಿಗೆ ನಡೆದರು.

ಮರುದಿನ ಬೆಳಿಗ್ಗೆ ಅವ್ವನ ಮುಂದೆ ಕೂತು ಹಣ್ಣು ಬಿಚ್ಚಿದರು. ಕಣ್ಣು ಕಾಣದ ಅವ್ವ ಅದನ್ನು ಎರಡೂ ಅಂಗೈ ನಡುವೆ ಒತ್ತಿ ನೋಡಿದರು, ಮೂಸಿದರು. ಎರಡು ಭಾಗ ಮಾಡಿ, ಒಂದನ್ನು ತಾವು ಬಾಯಿಗಿಟ್ಟುಕೊಂಡು ಇನ್ನೊಂದನ್ನು ಮಗಳಿಗೆ ಕೊಟ್ಟರು. ಪಾರವ್ವ ತಿಂದು ನೋಡಿದರು. ಕೋಳಿಮೊಟ್ಟೆ ಗಾತ್ರದ ಹಣ್ಣು, ಬರೀ ನೀರು, ಸಪ್ಪೆ!

“ಸಪ್ಪಗೈತಿ,” ಅಂದರು ಅವ್ವ. ಇನ್ನೂ ಅಗಿಯುತ್ತಿದ್ದರು. “ನೆಲದ ಗಿಡದ ಮೊದಲ ಹಣ್ಣು ಹಿಂಗ ಇರ್ತೈತಿ. ನೀ ತರ್ತಿದ್ದ ಡಬ್ಬಿ ಹಣ್ಣು ಸಕ್ಕರಿ ಇದ್ದಂಗ ಇರ್ತಿದ್ವು. ಅಂತೂ ನೆಲಕ್ಕ ಹಚ್ಚಿದಿ ಹೌದಲ್ಲೊ ನನ್ನವ್ವ?”

ಪಾರವ್ವ ಬಾಯಲ್ಲಿದ್ದದ್ದನ್ನು ನುಂಗಿ, “ಗೊತ್ತಿದ್ದು ವರ್ಷಾ ವರ್ಷಾ ಯಾಕ ಕೇಳ್ತಿದ್ದಿ ಬೇ?” ಎಂದರು.

“ಒಂದಿನ ನೀ ಖರೇನ ಹೌದು ಅನ್ಲಿ ಅಂತ.”

ನೆಲ ತನ್ನದಲ್ಲ, ಕೆಲಸದ ಮನೆಯವರದು ಎಂಬುದನ್ನೂ ಪಾರವ್ವ ಅವತ್ತೇ ಹೇಳಿಬಿಟ್ಟರು. ಅವ್ವ ಮಗಳ ಬಿರಿದ ಬೆರಳುಗಳನ್ನು ತಡವುತ್ತಾ, ಗಿಡಕ್ಕೆ ಅದೇನು ಗೊತ್ತು ಎಂದರಂತೆ.

ಈಗ ಮತ್ತೆ ಆರ್.ಟಿ. ನಗರದ ಅದೇ ತಾರಸಿ. ಬಿಸಿಲು ಡ್ರಮ್ಮಿನ ಕಂಠಕ್ಕೆ ಬಂದಿದೆ. ಕೆಳಗಿನಿಂದ ಪಾತ್ರೆ ಹಾಕಿದ ಸದ್ದು ಕೇಳುತ್ತದೆ. ಪಾರವ್ವ ಒಂಬತ್ತನೇ ಡ್ರಮ್ಮು ಬಡಿದು, ಕಿವಿಗೊಟ್ಟು, ಉಳಿದ ಅರ್ಧ ಬಕೆಟ್ ನೀರನ್ನು ಮೆಲ್ಲಗೆ ಸುರಿಯುತ್ತಾರೆ.

“ಇನ್ನ ಎರಡು ವರ್ಷ ಹೋದ್ರ ದೊಡ್ಡಾಕಿ ಹಣ್ಣೂ ಸಿಹಿ ಆಗ್ತೈತ್ರಿ,” ಎನ್ನುತ್ತಾ ಬಕೆಟ್ ಬೋರಲು ಹಾಕುತ್ತಾರೆ. “ಅಲ್ಲಿತನಕ ಅವ್ವ ಇರ್ಲಿ. ಮತ್ತೇನ ಬ್ಯಾಡ ನನಗ.”