ನೋ ಇಂಜುರೀಸ್

ಗೆಳೆಯರೇ, ಇವತ್ತು ಬೆಳಿಗ್ಗೆ ಮಾದಾಪುರದ ಸಿಗ್ನಲ್‌ನಲ್ಲಿ ಕಾರೊಂದು ಹಿಂದಿನಿಂದ ಬಂದು ನನ್ನ ಸ್ಕೂಟರಿಗೆ ಗುದ್ದಿತು. ನಾನು ಬಿದ್ದಲ್ಲೇ ಕೂತಿದ್ದೆ. ಕಾರಿನಿಂದಿಳಿದ ಯುವಕ ಬಂಪರಿನ ಫೋಟೊ ತೆಗೆದು ವಿಮೆಯವರಿಗೆ ಫೋನ್ ಮಾಡಿದ: "ರಿಯರ್ ಎಂಡ್ ಕೊಲಿಷನ್, ಮೈನರ್ ಇಂಪ್ಯಾಕ್ಟ್, ನೋ ಇಂಜುರೀಸ್."

ಅಪಘಾತಕ್ಕೆ ಎಷ್ಟು ನಯವಾದ ಶಬ್ದಗಳು! ಪೆಟ್ಟಾಗಿಲ್ಲ ಎಂದು ಅವನಿಗೆ ಹೇಳಿದವರು ಯಾರು? ನನ್ನನ್ನಂತೂ ಅವನು ಕೇಳಿರಲಿಲ್ಲ.

ವರ್ಷಗಳ ಹಿಂದೆ ಇದೇ ಊರಿನ ಕೋಠಿಯಲ್ಲಿ ಆಟೊ ತಗುಲಿ ನಾನೂ ನನ್ನ ಹೆಂಡತಿಯೂ ಬಿದ್ದಿದ್ದೆವು. ಆಟೊದವನು ಮೊದಲು ಮನಸಾರೆ ಬೈದ. ಆಮೇಲೆ "ಲಗ್ಯಾ ಕ್ಯಾ, ಅಮ್ಮಾ?" ಎಂದು ಪೆಟ್ಟಾಯಿತೇನೋ ಎಂಬಂತೆ ಕೇಳಿ, ಔಷಧದ ಅಂಗಡಿಯಿಂದ ನೀರು ತಂದುಕೊಟ್ಟ. "ಬೈದ್ರೂ ಕೇಳಿದ್ನಲ್ರೀ" ಎಂದು ಅವಳು ಮನೆ ಮುಟ್ಟುವ ತನಕ ನಗುತ್ತಿದ್ದಳು. ಈಗ ಹಿಂದಿನ ಸೀಟು ಖಾಲಿ. ಪೆಟ್ಟಾಯಿತೇ ಎಂದು ಕೇಳುವವರು ಮನೆಯಲ್ಲೂ ಇಲ್ಲ.

ಅಷ್ಟರಲ್ಲಿ ಯುವಕನ ಫೋನ್ ರಿಂಗಾಯಿತು. ಸ್ಪೀಕರಿನಲ್ಲಿ ಅವನ ತಾಯಿ, ಈ ತೆಲುಗು ಊರಿನಲ್ಲಿ ಅಪ್ಪಟ ಹುಬ್ಬಳ್ಳಿ ಕಡೆಯ ಮಾತು!

"ಸಣ್ಣ ಆಕ್ಸಿಡೆಂಟ್ ಆಗೇತಿ ಯವ್ವಾ. ಕಾರಿಗೇನೂ ಆಗಿಲ್ಲ."

"ನಿನ್ನ ಕಾರಿಗೆ ಬೆಂಕಿ ಹತ್ಲಿ! ಬಿದ್ದವ್ರಿಗೆ ಪೆಟ್ಟು ಹತ್ತೇತೇನು, ಕೇಳಿದಿಲ್ಲೋ?"

ಅವನು ಮೊದಲ ಸಲ ನನ್ನ ಮುಖ ನೋಡಿದ. ಉತ್ತರವನ್ನು ನಾನೇ ಫೋನಿಗೆ ಕೂಗಿ ಹೇಳಿದೆ: "ಮೊಣಕಾಲಿಗೆ ಹತ್ತೇತವಾ, ತಂಗಿ."

ಇಂಗ್ಲಿಷಿನಲ್ಲಿ ಏನೂ ಆಗಿರದಿದ್ದ ಮೊಣಕಾಲು, ಆಕೆ ಕೇಳಿದ ಮೇಲೆ ಚೆನ್ನಾಗಿ ನೋಯತೊಡಗಿತು.