ಕಂಕುಳಲ್ಲಿ ಕೊರಡು ಇಟ್ಟುಕೊಂಡು ಒಲೆ ಕೊಂಡವಳು

ಬೆಂಕಿಯ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಟಿಂಕರ್ ಹಿಲ್‌ನಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಇಲ್ಲಿಯ ಮೊದಲ ಚಳಿಗಾಲ ನೋಡಿ ತೊಟ್ಟಿಲು ಸಮೇತ ದಕ್ಷಿಣಕ್ಕೆ ಹೋಗಿರುತ್ತಾರೆ. ಮರದ ತೊಗಟೆ ಮೂಸಿ ಅದು ಹೇಗೆ ಉರಿಯುತ್ತದೆ, ಎಷ್ಟು ಬೂದಿ ಬಿಡುತ್ತದೆ, ಉರಿಯುವಾಗ ಯಾರ ಕಡೆಗೆ ಕಿಡಿ ಹಾರಿಸುತ್ತದೆ ಎಂದು ಹೇಳಬಲ್ಲೆ. ಒಮ್ಮೆ ಹಿಮದಲ್ಲಿ ನೆನೆದ ಕೈಗವಸನ್ನು ಒಂದೇ ಕಡ್ಡಿಯಲ್ಲಿ ಉರಿಸಿ ಅದರ ಮೇಲೆ ಕಾಫಿ ಕಾಯಿಸಿದ್ದೇನೆ. ಇಷ್ಟು ಹೇಳಿಕೊಂಡ ಮೇಲೆ ಡೆಲ್ಫೀನ್ ಕಾಬ್‌ಳ ಕಥೆ ಹೇಳುವುದು ನನಗೆ ಅಷ್ಟು ಅನುಕೂಲವಲ್ಲ. ಆದರೆ ನಾನು ಹೇಳದಿದ್ದರೆ ಅವಳೇ ಹೇಳುತ್ತಾಳೆ. ಅವಳಿಗೆ ಸುಳ್ಳು ಸೇರಿಸುವ ಅಭ್ಯಾಸವಿಲ್ಲ, ಅದು ನನಗೆ ಇನ್ನೂ ಕಷ್ಟ.

ಡೆಲ್ಫೀನ್ ನನ್ನ ಪಕ್ಕದ ಮನೆಯವಳು. ಪಕ್ಕದ ಮನೆ ಅಂದರೆ ನಡುವೆ ಒಂದು ಹುಲ್ಲುಗಾವಲು, ಒಂದು ಮೇಪಲ್ ತೋಪು. ಊರಿನ ಸ್ಕೂಲ್ ಬಸ್ಸನ್ನು ಕೂದಲು ಕಪ್ಪಿದ್ದಾಗಿನಿಂದ ಬೆಳ್ಳಗಾಗುವವರೆಗೆ ಓಡಿಸಿದಳು. ವರ್ಮಾಂಟಿನ ಹಿಮ ಬೇಲಿಗಳನ್ನು ನುಂಗಿದಾಗಲೂ ಅವಳ ಬಸ್ಸು ತಡವಾದದ್ದಿಲ್ಲ. ಚರ್ಚಿನ ಗಡಿಯಾರವೇ ಕಿಟಕಿಯಿಂದ ಇಣುಕಿ ಬಸ್ಸು ನೋಡಿ ತನ್ನ ಮುಳ್ಳು ತಿರುಗಿಸಿಕೊಳ್ಳುತ್ತಿತ್ತು. ಈಗ ಊರಿನ ಆಡಳಿತ ನಡೆಸುವವರೆಲ್ಲ ಒಂದು ಕಾಲಕ್ಕೆ ಅವಳಿಂದ "ಕೂತ್ಕೊ, ಬಾಯ್ಮುಚ್ಚು" ಅನ್ನಿಸಿಕೊಂಡವರು. ಮಾರ್ಚಿನಲ್ಲಿ ಊರಸಭೆ ನಡೆಯುವಾಗ ಅವಳು ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಭಾಷಣ ಮಾಡುತ್ತಿದ್ದವರು ಇವತ್ತಿಗೂ ಕೂತುಬಿಡುತ್ತಾರೆ.

ಅವಳ ಮನೆ ಕುದುರೆಗಾಡಿಗಳ ಕಾಲದ ಹಳೆಯ ಛತ್ರ. ತೆರಿಗೆಗೆಂದು ಕೋಣೆ ಎಣಿಸಲು ಒಳಹೊಕ್ಕ ಅಧಿಕಾರಿ ಊಟದ ಹೊತ್ತಾದರೂ ಹೊರಬರದೆ, ಹುಡುಕಲು ನನ್ನ ನಾಯಿಯನ್ನು ಬಿಡಬೇಕಾಯಿತು. ನಡುಮನೆಯಲ್ಲಿ ಒಂದು ಅಗ್ಗಿಷ್ಟಿಕೆ; ಅದರ ಗೂಡಿನೊಳಗೆ ಕುದುರೆ ನಿಲ್ಲಿಸಿ ಲಾಳ ಹೊಡೆಯಬಹುದು. ನೋಡಲು ಭವ್ಯ, ಕಾಯಿಸಲು ದಂಡ. ಬೆಂಕಿ ಹಾಕಿದಷ್ಟೂ ಆ ಮನೆ ತಣ್ಣಗಾಗುತ್ತಿತ್ತು, ಏಕೆಂದರೆ ಚಿಮಣಿ ಮನೆಯಲ್ಲಿದ್ದ ಬಿಸಿಯನ್ನೆಲ್ಲ ಎಳೆದು ಆಕಾಶಕ್ಕೆ ದಾನ ಮಾಡುತ್ತಿತ್ತು. ಡೆಲ್ಫೀನಳ ಗಂಡ ವಾರೆನ್ ಬದುಕಿದ್ದಾಗ, ಅವನು ಓದುತ್ತಿದ್ದ ಪತ್ರಿಕೆ ಕೈತಪ್ಪಿ ಚಿಮಣಿ ಹತ್ತಿ ಹೊರಟು ನಮ್ಮ ಅಂಗಳಕ್ಕೆ ಬಿತ್ತು. ನಾನು ಹವಾಮಾನದ ಪುಟ ಓದಿಕೊಂಡು ವಾಪಸ್ ಕೊಟ್ಟೆ.

ಹಾಗಾಗಿ ನಮ್ಮ ಕಡೆಯ ದೊಡ್ಡ ಮನೆಗಳೆಲ್ಲ ಮಾಡುವುದನ್ನೇ ಆ ಮನೆಯೂ ಮಾಡುತ್ತಿತ್ತು. ನವೆಂಬರ್ ಬಂತೆಂದರೆ ಕೋಣೆಗಳಿಗೆ ಬಾಗಿಲು ಹಾಕಿ, ಬಾಗಿಲಿಲ್ಲದ ಕಡೆ ಕೌದಿ ತೂಗುಹಾಕಿ, ಎಲ್ಲರೂ ಅಡುಗೆಮನೆಯ ಒಲೆಯ ಸುತ್ತ ಸೇರುವುದು. ಹಿಮ ಕರಗಿ ದಾರಿಯೆಲ್ಲ ಕೆಸರಾದಾಗ ಮತ್ತೆ ಮನೆಯನ್ನು ಬಿಚ್ಚುವುದು. ನೆಲಮಾಳಿಗೆಯ ಎಣ್ಣೆ ಫರ್ನೇಸು, ನೀರು ಹೆಪ್ಪುಗಟ್ಟಿ ಕೊಳಾಯಿ ಒಡೆಯದಂತೆ ನೋಡಿಕೊಂಡರೆ ಅದೇ ದೊಡ್ಡದು.

ಈ ಪದ್ಧತಿಗೆ ತಿರುಗಿಬಿದ್ದವಳು ಡೆಲ್ಫೀನಳ ಅತ್ತೆ ಥರ್ಜಾ. ಆ ಮನೆಯಲ್ಲಿ ಈಗಿರುವವರು ಅತ್ತೆ ಸೊಸೆ ಇಬ್ಬರೇ. ಥರ್ಜಾಗೆ ವಯಸ್ಸು ತೊಂಬತ್ತು ದಾಟಿದೆ, ಅವಳ ನಾಲಿಗೆಗೆ ಇನ್ನೂ ಹದಿನೆಂಟು. ಅವಳ ಕೋಣೆ ಮಹಡಿಯಲ್ಲಿ, ನಡುಮನೆಯ ನೆತ್ತಿಯ ಮೇಲೆ. ಅದರ ಕಿಟಕಿಯಿಂದ ಊರಿನ ರಸ್ತೆ ಪೂರ್ತಿ ಕಾಣುತ್ತದೆ. ಯಾರು ಯಾರ ಮನೆಗೆ ಹೋದರು, ಎಷ್ಟು ಹೊತ್ತು ಕೂತರು, ಬರುವಾಗ ಮುಖ ಹೇಗಿತ್ತು, ಇದೆಲ್ಲ ಅವಳ ಉಸ್ತುವಾರಿ. ಚಳಿಗಾಲದಲ್ಲಿ ಮಾತ್ರ ಅವಳ ಮಂಚ ಅಡುಗೆಮನೆಗೆ ಇಳಿದು ಪರದೆಯ ಹಿಂದೆ ಸೇರುತ್ತಿತ್ತು. ಅಲ್ಲಿ ಉಸ್ತುವಾರಿಗೆ ಸಿಗುತ್ತಿದ್ದದ್ದು ನೀರು ಕಾಯಿಸುವ ಕೆಟಲ್ ಒಂದೇ.

ಒಂದು ವಸಂತದಲ್ಲಿ ಪಾಕಕ್ಕೆಂದು ಮೇಪಲ್ ರಸ ಕಾಯಿಸುತ್ತಿದ್ದಾಗ ಅವಳು ನಮ್ಮೆಲ್ಲರ ಎದುರಿಗೆ ಸೊಸೆಗೆ ಹೇಳಿದಳು: "ಬರೋ ಚಳಿಗಾಲ ನಾನು ನನ್ನ ಕೋಣೇಲೇ ಇರ್ತೀನಿ. ಆಗಲ್ಲ ಅಂದ್ರೆ ಕಣಿವೆ ಕೆಳಗಿನ ವೃದ್ಧಾಶ್ರಮಕ್ಕೆ ಹೋಗ್ತೀನಿ. ಆ ಕೆಟಲ್ ಪಕ್ಕ ಇನ್ನೊಂದ್ ವರ್ಷ ಮಲಗಿದ್ರೆ ನಾನೂ ಸಿಳ್ಳೆ ಹಾಕೋಕೆ ಶುರುಮಾಡ್ತೀನಿ."

ಬರಿಯ ಬೆದರಿಕೆಯಲ್ಲ, ಹೋಗಿ ನೋಡಿಕೊಂಡು ಬಂದಿದ್ದಳು. ಅಲ್ಲಿಯ ಪುಡಿಂಗ್ ಚೆನ್ನಾಗಿದೆಯಂತೆ, ಇಸ್ಪೀಟು ಆಡಲು ಒಬ್ಬ ಮುದುಕನೂ ಇದ್ದಾನಂತೆ. ಡೆಲ್ಫೀನಳಿಗೆ ನಾಟಿದ್ದು ಆ ಮುದುಕನ ಸುದ್ದಿ. ಮದುವೆಯಾಗಿ ಬಂದ ದಿನದಿಂದ ಪ್ರತಿ ಸಂಜೆ ಅತ್ತೆಯ ಜೊತೆ ಇಸ್ಪೀಟು ಆಡುತ್ತಿದ್ದವಳು ಅವಳು. ಥರ್ಜಾ ಆಟದಲ್ಲಿ ಮೋಸ ಮಾಡುತ್ತಾಳೆ, ಡೆಲ್ಫೀನ್ ಹಿಡಿಯುತ್ತಾಳೆ, ಇಬ್ಬರೂ ಜಗಳವಾಡಿ ತೃಪ್ತಿಯಿಂದ ಮಲಗುತ್ತಾರೆ. ಮೋಸ ಹಿಡಿಯಲು ಬಾರದ ಯಾವನೋ ಮುದುಕನಿಗೆ ಅಂಥ ಅತ್ತೆಯನ್ನು ಬಿಟ್ಟುಕೊಡುವುದುಂಟೇ? ಆ ಹಳೆಯ ಗೂಡಿನೊಳಗೆ ಕಬ್ಬಿಣದ ಸೌದೆ ಒಲೆ ಕೂರಿಸುತ್ತೇನೆ ಎಂದು ಅವಳು ನಿರ್ಧರಿಸಿದಳು. ಅಂಗಡಿಯವರು ಅದನ್ನು ಇನ್ಸರ್ಟ್ ಅನ್ನುತ್ತಾರೆ, ನಮ್ಮ ಬಾಯಲ್ಲಿ ಗೂಡೊಲೆ. ಮುಂದೆ ಗಾಜಿನ ಬಾಗಿಲು, ಒಳಗೆ ಇಟ್ಟಿಗೆ, ತಲೆಯ ಮೇಲೆ ಚಿಮಣಿಯುದ್ದಕ್ಕೂ ಉಕ್ಕಿನ ಕೊಳವೆ.

ಸುದ್ದಿ ಹಬ್ಬಿದ್ದೇ ತಡ, ಊರ ಅಂಗಡಿಯ ಮುಂದೆ ಸಲಹೆಗಳ ಸಂತೆ ನೆರೆಯಿತು. ಪ್ರತಿಯೊಬ್ಬನೂ ತನ್ನ ಮನೆಯಲ್ಲಿರುವ ಒಲೆಯೇ ಲೋಕದಲ್ಲಿ ಶ್ರೇಷ್ಠ ಎಂದ. ಮನೆಯಲ್ಲಿ ಹೆಂಡತಿ ಅದಕ್ಕೆ ಏನನ್ನುತ್ತಾಳೆ ಎಂದು ಮಾತ್ರ ಹೇಳಲಿಲ್ಲ. ನನ್ನ ಮಾತು ಚಿಕ್ಕದು: ದೊಡ್ಡ ಮನೆಗೆ ದೊಡ್ಡ ಒಲೆ. ಅಂಗಡಿಯಲ್ಲಿರುವುದರಲ್ಲಿ ಅತಿ ದೊಡ್ಡದನ್ನು ತೋರಿಸು ಅನ್ನಬೇಕು, ಅದನ್ನು ನೋಡಿ ಇದಕ್ಕಿಂತ ದೊಡ್ಡದಿಲ್ಲವೇ ಅನ್ನಬೇಕು.

ಅವಳನ್ನು ಕಣಿವೆಯ ಆನ್ಸೆಲ್ ಪ್ರೂಯಿಟ್‌ನ ಒಲೆ ಅಂಗಡಿಗೆ ನನ್ನ ಟ್ರಕ್ಕಿನಲ್ಲೇ ಕರೆದುಕೊಂಡು ಹೋದೆ. ಟ್ರಕ್ಕು ಹತ್ತುವಾಗ ಅವಳ ಒಂದು ಕೈಯಲ್ಲಿ ಗೂಡಿನ ಅಳತೆ ಬರೆದ ರಟ್ಟು, ಇನ್ನೊಂದು ಕಂಕುಳಲ್ಲಿ ಒಂದು ಮೇಪಲ್ ಕೊರಡು. ಕೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡಿದ್ದಳು. ಇದು ಯಾಕೆ ಎಂದು ಕೇಳಿದೆ. ಚಪ್ಪಲಿ ಕೊಳ್ಳಲು ಹೋಗುವಾಗ ಕಾಲನ್ನು ಮನೆಯಲ್ಲಿ ಬಿಟ್ಟು ಹೋಗುತ್ತೀಯಾ ಎಂದು ಕೇಳಿದಳು.

ಅಂಗಡಿಯಲ್ಲಿ ಒಂದೊಂದೇ ಒಲೆಯ ಬಾಗಿಲು ತೆರೆದು ಆ ಕೊರಡನ್ನು ಒಳಗೆ ಮಲಗಿಸಿದಳು. ಉದ್ದುದ್ದ ಇಟ್ಟಳು, ಅಡ್ಡಡ್ಡ ಇಟ್ಟಳು, ಬಾಗಿಲು ಮುಚ್ಚಿ ನೋಡಿದಳು. ಆನ್ಸೆಲ್ ಅಳತೆ, ಶಾಖ, ಚದರಡಿ ಎಂದು ಒಂದು ಬಸ್ಸು ತುಂಬುವಷ್ಟು ಅಂಕಿ ಹೇಳಿದ. ಅವಳು ಎಲ್ಲ ಕೇಳಿಸಿಕೊಂಡು, ರಾತ್ರಿ ತುಂಬಿಸಿಟ್ಟರೆ ಬೆಳಗ್ಗೆ ಕೆಂಡ ಉಳಿಯುತ್ತದೆಯೇ, ಅಕ್ಟೋಬರಿನ ಎಳೆ ಚಳಿಗೆ ಸಣ್ಣಗೆ ಉರಿಸಿದರೆ ಗಾಜಿಗೆ ಮಸಿ ಹಿಡಿಯುತ್ತದೆಯೇ, ಕರೆಂಟು ಹೋದರೆ ಏನಾಗುತ್ತದೆ ಎಂದು ಕೇಳಿದಳು. ಕೊನೆಗೆ ನಡುಗಾತ್ರದ ಒಂದರ ಮುಂದೆ ನಿಂತಳು. ಅಗಲ ಹೆಚ್ಚಿಲ್ಲ, ಹೊಟ್ಟೆ ಆಳ. ಕೊರಡು ಅದರಲ್ಲಿ ತೊಟ್ಟಿಲಲ್ಲಿ ಮಲಗಿದ ಹಾಗೆ ಮಲಗಿತು.

ನನಗೆ ತಡೆಯಲಾಗಲಿಲ್ಲ. "ಡೆಲ್ಫೀನ್, ಇದರಲ್ಲಿ ಕೈಗವಸು ಒಣಗಿಸ್ಬಹುದು ಅಷ್ಟೆ. ಆ ಮೂಲೇಲಿರೋ ದೊಡ್ಡದನ್ನ ತಗೊ."

"ಅದನ್ನ ತಗೊಂಡ್ರೆ ಮೊದಲನೇ ದಿನವೇ ಬೆಂದುಹೋಗಿ ಗಾಳಿ ಕಿಂಡಿ ಮುಚ್ಚಿಡ್ಬೇಕಾಗತ್ತೆ," ಅಂದಳು. "ಆಮೇಲೆ ಅದು ಉರಿಯಲ್ಲ, ಬರೀ ಹೊಗೆಯಾಡತ್ತೆ. ಚಿಮಣಿಗೆ ಡಾಂಬರು ಹಾಕಿದ ಹಾಗಾಗತ್ತೆ. ನಾನು ಇಡೀ ಬೆಟ್ಟ ಕಾಯಿಸೋಕೆ ಹೊರಟಿಲ್ಲ ಆರ್ಲೊ. ನಡುಮನೆ, ಮೆಟ್ಟಿಲು, ಅತ್ತೆ ಕೋಣೆ. ಅಷ್ಟೇ."

ನಾನು ಊರಿಗೆ ಬಂದು ಅಂಗಡಿಯ ಮುಂದೆ ಎಲ್ಲರ ಎದುರು ಪಂಥ ಕಟ್ಟಿದೆ: ಥರ್ಜಾಳ ಮಂಚ ಕ್ರಿಸ್ಮಸ್ಸಿನೊಳಗೆ ಅಡುಗೆಮನೆಗೆ ಇಳಿಯದಿದ್ದರೆ, ಮರುವರ್ಷ ಡೆಲ್ಫೀನಳ ಸೌದೆಯನ್ನೆಲ್ಲ ನಾನೇ ಕಡಿದು ಪೇರಿಸಿಡುತ್ತೇನೆ.

ಆನ್ಸೆಲ್ ಬಂದು ಚಿಮಣಿಯೊಳಗೆ ಉಕ್ಕಿನ ಕೊಳವೆ ಇಳಿಸಿ, ಸುತ್ತಲಿನ ಸಂದಿಗೆ ತಗಡು ಮುಚ್ಚಿ, ಗೂಡೊಲೆಯನ್ನು ಕೂರಿಸಿದ. ಮೊದಲ ಬೆಂಕಿ ನೋಡಲು ಅರ್ಧ ಊರು ನೆರೆಯಿತು. ಬರಿಗೈಯಲ್ಲಿ ಹೋಗುವುದು ನೆರೆಯವನಿಗೆ ಲಕ್ಷಣವಲ್ಲ ಎಂದು ನಾನು ಟ್ರಕ್ಕಿನ ತುಂಬ ಆಶ್ ಮರದ ಸೌದೆ ಕಾಣಿಕೆ ಒಯ್ದೆ. ಕಡಿದು ಇನ್ನೂ ವಾರವಷ್ಟೇ ಆಗಿತ್ತು. ಆಶ್ ಮರ ಹಸಿಯಾಗಿದ್ದರೂ ಉರಿಯುತ್ತದೆ ಎಂಬುದು ನಮ್ಮ ಬೆಟ್ಟಗಳಲ್ಲಿ ತೊಟ್ಟಿಲ ಮಗುವಿಗೂ ಗೊತ್ತಿರುವ ಮಾತು. ನನ್ನಜ್ಜ ಹೇಳಿದ್ದು, ಅವನಿಗೆ ಅವನಜ್ಜ. ಡೆಲ್ಫೀನ್ ಕೊಟ್ಟಿಗೆಯ ಸೂರಿನಡಿ ಎರಡು ವರ್ಷದಿಂದ ಒಣಗುತ್ತಿದ್ದ ತನ್ನ ಮೇಪಲ್ ರಾಶಿಯ ಕಡೆ ಒಮ್ಮೆ ನೋಡಿದಳು. ಕಾಣಿಕೆ ತಂದವನ ಮುಖ ಕೆಡಿಸಬಾರದೆಂದು ನನ್ನ ಸೌದೆಯನ್ನೇ ಒಲೆಗಿಟ್ಟಳು.

ಬೆಂಕಿ ಹತ್ತಿತು ಅನ್ನುವುದಕ್ಕಿಂತ ಬೆಂಕಿಗೆ ನೆಗಡಿ ಹತ್ತಿತು ಅನ್ನಬೇಕು. ಸೌದೆ ಬುಸುಗುಟ್ಟಿತು, ತುದಿಯಲ್ಲಿ ನೊರೆ ಉಗುಳಿತು, ಗಾಜು ಕಪ್ಪಾಗಿ ನಮ್ಮ ಮುಖಗಳೇ ಅದರಲ್ಲಿ ಕಂಡವು. ನಡುಮನೆಯಲ್ಲಿ ನಿಂತವರು ಕೋಟಿನ ಗುಂಡಿ ಹಾಕಿಕೊಂಡರು. ಏನೂ ಹೇಳದೆ ನಗುವುದು ಹೇಗೆಂದು ನನಗೆ ಚೆನ್ನಾಗಿ ಗೊತ್ತು. ಮಹಡಿಯ ಮೆಟ್ಟಿಲ ಮೇಲೆ ಥರ್ಜಾ ಹೆಗಲಿಗೆ ಕೌದಿ ಹೊದ್ದು ನಿಂತಿದ್ದಳು. ವೃದ್ಧಾಶ್ರಮದಲ್ಲಿ ಗುರುವಾರ ಯಾವ ಪುಡಿಂಗ್ ಎಂದು ಅಲ್ಲಿಂದಲೇ ಕೇಳಿದಳು. ಡೆಲ್ಫೀನಳ ಕಿವಿ ಕೆಂಪಾದದ್ದನ್ನು ನಾನು ಮೊದಲ ಸಲ ನೋಡಿದೆ, ಅದು ಒಲೆಯ ಶಾಖಕ್ಕಂತೂ ಅಲ್ಲ.

ಮರುದಿನ ಬೆಳಗ್ಗೆ ನಾನು ಸಮಾಧಾನ ಹೇಳುವ ನೆಪದಲ್ಲಿ ಹೋದೆ. ಅವಳು ಅಂಗಳದಲ್ಲಿ ನನ್ನ ಸೌದೆ ಒಂದನ್ನು ಸೀಳಿ, ಸೀಳಿದ ಮೈಯನ್ನು ಕೆನ್ನೆಗೆ ಒತ್ತಿ ಹಿಡಿದಿದ್ದಳು. ಆಮೇಲೆ ನನ್ನ ಎರಡು ತುಂಡು ತಗೊಂಡು ಒಂದಕ್ಕೊಂದು ಬಡಿದಳು: ದಪ್. ತನ್ನ ಮೇಪಲ್ ಎರಡು ತಗೊಂಡು ಬಡಿದಳು: ಠಣ್, ಗಂಟೆ ಹೊಡೆದ ಹಾಗೆ. ತನ್ನ ಸೌದೆ ಒಳಗೆ ಒಯ್ದು ಒಲೆ ಹಚ್ಚಿದಳು. ಕಾಫಿ ಮುಗಿಯುವುದರೊಳಗೆ ಗಾಜಿನ ಮಸಿ ತಾನೇ ಸುಟ್ಟುಹೋಗಿ ಒಳಗಿನ ಬೆಂಕಿ ಸೂರ್ಯಾಸ್ತದಂತೆ ಕಂಡಿತು. ನನ್ನಜ್ಜನ ಕಾಲದಲ್ಲಿ ಆಶ್ ಮರಗಳೇ ಬೇರೆ ಜಾತಿಯವಿದ್ದವು ಎಂದು ಹೇಳಿ ನೋಡಿದೆ.

ನಡುಮನೆ ಬೆಚ್ಚಗಾಯಿತು, ಮಹಡಿ ಆಗಲಿಲ್ಲ. ಥರ್ಜಾಳ ಕೋಣೆಯಲ್ಲಿ ಲೋಟದ ನೀರಿಗೆ ಇನ್ನೂ ಮಂಜುಗಡ್ಡೆಯ ಕೆನೆ ಕಟ್ಟುತ್ತಿತ್ತು. ಇದಕ್ಕೆ ಮದ್ದು ನನಗೆ ಗೊತ್ತಿತ್ತು. ಒಲೆಯ ಪಕ್ಕ ಒಂದು ಫ್ಯಾನು ಇಟ್ಟು ಬಿಸಿಗಾಳಿಯನ್ನು ಮೆಟ್ಟಿಲ ಕಡೆಗೆ ತಿರುಗಿಸಿದೆ. ಬಿಸಿಗಾಳಿ ಮೆಟ್ಟಿಲವರೆಗೆ ಹೋಗಿ, ಮೇಲಿಂದ ಇಳಿಯುತ್ತಿದ್ದ ತಣ್ಣನೆ ಗಾಳಿಗೆ ನಮಸ್ಕಾರ ಹೇಳಿ ತಿರುಗಿ ಬಂತು.

ಡೆಲ್ಫೀನ್ ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಯೋಚಿಸಿದಳು. ಅವಳ ಬಸ್ಸಿಗೆ ಹೀಟರು ಇದ್ದದ್ದು ಮುಂದೆ. ಹಿಂದಿನ ಸಾಲಿನ ಮಕ್ಕಳು ನಡುಗುತ್ತಿದ್ದರು. ಮಕ್ಕಳ ಚೀಲಗಳನ್ನು ನಡುದಾರಿಯಿಂದ ಎತ್ತಿಸಿದ ದಿನ ಹಿಂದೆಯೂ ಬೆಚ್ಚಗಾಗಿತ್ತು. ನೆಲದ ಮೇಲಿನ ಚಳಿ ಮುಂದಕ್ಕೆ ಹರಿದು ಬರಲು ದಾರಿ ಸಿಕ್ಕರೆ, ಬಿಸಿ ಮೇಲಿನಿಂದ ತಾನಾಗಿ ಹಿಂದಕ್ಕೆ ಹೋಗುತ್ತದೆ. ಇದನ್ನೆಲ್ಲ ಅವಳು ಆಮೇಲೆ ಹೇಳಿದ್ದು. ಆಗ ಮಾಡಿದ್ದಿಷ್ಟೇ: ಥರ್ಜಾಳ ಕೋಣೆಯ ಬಾಗಿಲು ತೆರೆದಿಟ್ಟು, ಮೆಟ್ಟಿಲ ಬಾಯಿಗೆ ಕಟ್ಟಿದ್ದ ಕೌದಿ ಕಿತ್ತು, ನನ್ನ ಫ್ಯಾನನ್ನು ಮೆಟ್ಟಿಲ ಬುಡದಲ್ಲಿ ನೆಲದ ಮೇಲೆ ಒಲೆಗೆ ಮುಖ ಮಾಡಿ ಇಟ್ಟಳು. ಚಳಿಯನ್ನು ಬೆಂಕಿಯ ಕಡೆಗೆ ಊದುವ ಹೆಂಗಸನ್ನು ನಾನು ಆವರೆಗೆ ನೋಡಿರಲಿಲ್ಲ. ಇದನ್ನು ಹೇಳಿ ಅಂಗಡಿಯ ಮುಂದೆ ನಾನು ವಾರಪೂರ್ತಿ ಬಿಟ್ಟಿ ಕಾಫಿ ಕುಡಿದೆ.

ಕ್ರಿಸ್ಮಸ್ಸಿಗೆ ಮುಂಚಿನ ವಾರ ನಿಜವಾದ ಚಳಿ ಬಂತು. ನಮ್ಮೂರಲ್ಲಿ ಬೆಳಗ್ಗೆ ಅಂಗಡಿಯಲ್ಲಿ ಸೇರಿ ಯಾರ ಮನೆಯಲ್ಲಿ ಹೆಚ್ಚು ಚಳಿ ಎಂದು ಜಂಬ ಕೊಚ್ಚುವುದು ರೂಢಿ. ನನ್ನ ಥರ್ಮಾಮೀಟರಿನ ಪಾದರಸ ಇಳಿದೂ ಇಳಿದೂ ಗೋಡೆ ಬಿಟ್ಟು ನೆಲಮಾಳಿಗೆಗೆ ಹೋಗಿ ಅಡಗಿದೆ ಎಂದರೂ ಆ ದಿನ ಯಾರೂ ಆಕ್ಷೇಪಿಸಲಿಲ್ಲ. ನಾನು ಅಂಗಡಿಯಿಂದ ನೇರ ಡೆಲ್ಫೀನಳ ಮನೆಗೆ ನಡೆದೆ. ಥರ್ಜಾಳ ಮಂಚ ಇಳಿಸಲು ಎರಡು ಕೈ ಬೇಕಾಗುತ್ತದಲ್ಲ, ನೆರೆಯವನ ಧರ್ಮ.

ಹಿತ್ತಲ ಬಾಗಿಲಿಂದ ಒಳಗೆ ಹೋದೆ. ಅಡುಗೆಮನೆ ಖಾಲಿ. ಪರದೆ ಇಲ್ಲ, ಮಂಚ ಇಲ್ಲ, ಕೆಟಲ್ ಒಂಟಿಯಾಗಿ ಕೂತಿತ್ತು. ನಡುಮನೆಗೆ ಬರುವಷ್ಟರಲ್ಲಿ ಟೊಪ್ಪಿ ತೆಗೆದೆ, ಮೆಟ್ಟಿಲ ಬುಡದಲ್ಲಿ ಕೋಟು, ಮೆಟ್ಟಿಲ ನಡುವೆ ಸ್ವೆಟರು. ಕೋಣೆಯಲ್ಲಿ ಥರ್ಜಾ ರವಿಕೆಯ ತೋಳು ಮಡಚಿ, ಕಿಟಕಿಯನ್ನು ಬೆರಳಗಲ ತೆರೆದು, ಹುಳಿ ಚೀಸಿನ ಜೊತೆ ಆಪಲ್ ಪೈ ತಿನ್ನುತ್ತಿದ್ದಳು. ಮಂಚದ ಮೇಲೆ ಇಸ್ಪೀಟು ಹರಡಿತ್ತು. ಎದುರಿಗೆ ಡೆಲ್ಫೀನ್ ಕೂತು ಅತ್ತೆಯ ತೊಡೆಯ ಕೆಳಗಿಂದ ಒಂದು ಎಲೆ ಎಳೆದು ತೆಗೆಯುತ್ತಿದ್ದಳು.

"ನೀನು ಬರೋದು ಅಂಗಡಿ ಬಾಗಿಲಿಂದ್ಲೇ ಕಾಣಿಸ್ತು ಮಗನೇ," ಅಂದಳು ಥರ್ಜಾ. "ಬರ್ತಾ ಬರ್ತಾ ನಗ್ತಾ ಇದ್ದೆ. ಈಗ ಏನಾಯ್ತು?"

ನಾನು ಕಿಟಕಿ ನೋಡಿದೆ, ಪೈ ನೋಡಿದೆ. ಸೋತವನಿಗೆ ಉಳಿಯುವುದು ಮಾತು ತಿರುಗಿಸುವ ಕಲೆಯೊಂದೇ, ಅದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಒಲೆ ಒಳ್ಳೆಯದೆಂದು ನನಗೆ ಮೊದಲೇ ಗೊತ್ತಿತ್ತು, ಅವಳ ಛಲ ಏಳಲಿ ಎಂದೇ ಪಂಥ ಕಟ್ಟಿದ್ದೆ, ಒಂದು ರೀತಿಯಲ್ಲಿ ನೋಡಿದರೆ ಈ ಮನೆ ಕಾದದ್ದು ನನ್ನ ಸಲಹೆಯಿಂದಲೇ ಎಂದು ವಿವರವಾಗಿ ಹೇಳಿದೆ. ಸೌದೆ ಪೇರಿಸುವ ಮಾತು ಯಾರಿಗೂ ನೆನಪಾಗದಿರಲಿ ಎಂದು ಇನ್ನೂ ಸ್ವಲ್ಪ ಉದ್ದಕ್ಕೆ ಹೇಳಿದೆ.

ಡೆಲ್ಫೀನ್ ಕೈಯಲ್ಲಿದ್ದ ಎಲೆಗಳನ್ನು ಜೋಡಿಸಿಕೊಳ್ಳುತ್ತ, ತಲೆ ಎತ್ತದೆ ಹೇಳಿದಳು:

"ಈ ಮಾತು ಇನ್ನೂ ಹಸಿ ಆರ್ಲೊ. ನನ್ನ ಸೌದೆ ಪೇರಿಸ್ತೀಯಲ್ಲ, ಅದರ ಜೊತೇಲೇ ಇದನ್ನೂ ಸೂರಿನ ಕೆಳಗೆ ಎರಡು ವರ್ಷ ಒಣಗಿಸಿ ತಗೊಂಡ್ ಬಾ. ಉರಿಯತ್ತಾ ನೋಡೋಣ."